ಕರೆಂಟ್ ಭಟ್ಟಿಗೆ ಕುಂಕುಮ ಹಚ್ಚಿದ ದಿನ

೧೯೬೧ರಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನ ಸಮೀಪ ಒಂದು ಅಟ್ಟದ ಕೋಣೆಯಲ್ಲಿ ನನ್ನ ಕಚೇರಿ ಇತ್ತು. ಕಚೇರಿ ಎಂದರೆ ಒಂದು ಮೇಜು, ಎರಡು ಕುರ್ಚಿ, ಹಳೆಯದೊಂದು ಟೈಪ್‌ರೈಟರ್. ಹೊರಗೆ ಬೋರ್ಡಿನ ಮೇಲೆ ‘ಟ್ರೇಡ್‌ಮಾರ್ಕ್ ಹಾಗೂ ಪೇಟೆಂಟ್ ಏಜಂಟ್’ ಎಂದು ಬರೆಸಿದ್ದೆ. ಕಲಿತದ್ದು ಮುಲ್ಕಿ ಪರೀಕ್ಷೆವರೆಗೆ, ಅಂದರೆ ಏಳನೆಯ ಇಯತ್ತೆ. ಹತ್ತಿಯ ಅಡತಿ ಅಂಗಡಿಯಲ್ಲಿ ಹಲವು ವರ್ಷ ನಿಂತು ವ್ಯಾಪಾರ ಕಲಿತೆ, ಮೋಟಾರು-ಸ್ಟಾರ್ಟರು ಮಾರುತ್ತ ಇಂಗ್ಲಿಷ್ ಕಲಿತೆ, ಗಿರಾಕಿಗಳ ಅರ್ಜಿ ಬರೆದುಕೊಡುತ್ತ ಕಾಯ್ದೆ ಕಲಿತೆ. ವಕೀಲನಲ್ಲದಿದ್ದರೂ ಜನ ವಕೀಲರೇ ಎನ್ನುತ್ತಿದ್ದರು. ನಾನೂ ಬೇಡ ಅನ್ನುತ್ತಿರಲಿಲ್ಲ.

ಓದುವವರಿಗಾಗಿ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಪೇಟೆಂಟ್ ಎಂದರೆ ಸರಕಾರದೊಂದಿಗೆ ಮಾಡಿಕೊಳ್ಳುವ ಒಂದು ವ್ಯವಹಾರ. ನೀವು ಕಂಡುಹಿಡಿದ ಹೊಸದನ್ನು ಮುಚ್ಚುಮರೆ ಇಲ್ಲದೆ ಬರೆದುಕೊಡಬೇಕು. ಅದಕ್ಕೆ ಬದಲಾಗಿ ಕೆಲವು ವರ್ಷ ನಿಮ್ಮ ಅನುಮತಿ ಇಲ್ಲದೆ ಬೇರೆ ಯಾರೂ ಅದನ್ನು ಮಾಡಿ ಮಾರುವಂತಿಲ್ಲ. ಅರ್ಜಿಯ ಕೊನೆಗೆ ‘ಕ್ಲೇಮು’ ಎಂದು ಬರುತ್ತದೆ. ಅದು ಹೊಲದ ಬದು ಇದ್ದಂತೆ. ಎಲ್ಲಿಂದ ಎಲ್ಲಿಯವರೆಗೆ ನನ್ನದು ಎಂದು ತೋರಿಸುವ ವಾಕ್ಯ. ಬದು ಎಲ್ಲಿ ಹಾಕಬೇಕೆಂಬುದನ್ನು ತೂಗಿ ನೋಡುವವರು ಕಲ್ಕತ್ತೆಯ ಪೇಟೆಂಟ್ ಕಚೇರಿಯ ಎಕ್ಸಾಮಿನರ್, ಅಂದರೆ ಪರೀಕ್ಷಕರು.

ಆ ವರ್ಷ ಬೇಸಿಗೆಗೆ ಮುಂಚೆ ಗೋಪನಕೊಪ್ಪದ ಈರಪ್ಪ ನನ್ನ ಅಟ್ಟ ಹತ್ತಿ ಬಂದ. ಮೂವತ್ತರ ಒಳಗಿನ ಆಳು; ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡು ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಗಳ ಚಾಕುಗಳಿಗೆ ಹದ ಕೊಡುತ್ತಿದ್ದ. ಬಗಲಲ್ಲಿ ಗೋಣಿಚೀಲದಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದಾಗ ಬೆಂಕಿಮಣ್ಣಿನ ಹಲಗೆ, ಅದರ ಮೈಮೇಲಿನ ತೋಡುಗಳಲ್ಲಿ ಸ್ಪ್ರಿಂಗಿನಂತೆ ಸುತ್ತಿದ ತಂತಿ.

“ಇದ ನನ್ನ ಕರೆಂಟ್ ಭಟ್ಟೀದ ಜೀವಾ ನೋಡ್ರಿ ಅಣ್ಣಾರ,” ಎಂದ.

ಇದ್ದಲಿನ ಒಲೆಯಲ್ಲಿ ಕಾಸಿದ ಚಾಕು ಒಂದು ತುದಿಗೆ ಗಟ್ಟಿ, ಒಂದು ತುದಿಗೆ ಮೆತ್ತಗೆ ಆಗುತ್ತದೆ. ಈರಪ್ಪ ಕರೆಂಟ್ ಭಟ್ಟಿ ಎಂದ ವಿದ್ಯುತ್ ಕುಲುಮೆಯಲ್ಲಿ ಶಾಖ ಎಲ್ಲ ಕಡೆ ಒಂದೇ ಸಮ. ಅದರ ಗೋಡೆಯ ಇಟ್ಟಿಗೆಗಳಲ್ಲಿ ಉದ್ದಕ್ಕೆ ತೋಡು ಕೊರೆದು, ಅದರಲ್ಲಿ ನೈಕ್ರೋಮ್ ತಂತಿಯ ಸುರುಳಿ ಕೂಡಿಸುತ್ತಾರೆ. ಆ ತೋಡಿಗೆ ಗ್ರೂವ್ ಎನ್ನುತ್ತಾರೆ. ಕರೆಂಟ್ ಹರಿದಾಗ ತಂತಿ ಕೆಂಪಗಾಗುತ್ತದೆ. ತೊಂದರೆ ಏನೆಂದರೆ, ಕಾದ ತಂತಿ ಮೆತ್ತಗಾಗಿ ಜೋಲುತ್ತದೆ, ಗ್ರೂವಿನಿಂದ ಹೊರಬಿದ್ದು ಸುಟ್ಟುಹೋಗುತ್ತದೆ. ಆಮೇಲೆ ಭಟ್ಟಿ ಪೂರ್ತಿ ಆರಬೇಕು, ಗೋಡೆ ಒಡೆಯಬೇಕು, ಮತ್ತೆ ಕಟ್ಟಬೇಕು. ಈರಪ್ಪ ಎರಡು ಕೆಲಸ ಮಾಡಿದ್ದ. ಸುರುಳಿ ಕೂಡಿಸಿದ ಹಲಗೆಗಳನ್ನು ಮೇಜಿನ ಡ್ರಾವರಿನ ಹಾಗೆ ಹಿಂದಿನಿಂದ ಎಳೆದು ಹಾಕುವಂತೆ ಮಾಡಿದ್ದ. ಭಟ್ಟಿ ಬಿಸಿ ಇರುವಾಗಲೇ ಒಂದನ್ನು ತೆಗೆದು ಇನ್ನೊಂದು ದೂಡಬಹುದು. ಎರಡನೆಯದಾಗಿ, ಗ್ರೂವನ್ನು ನೇರ ಕೊರೆಯದೆ ಒಳಮುಖವಾಗಿ ಕೆಳಕ್ಕೆ ಓರೆ ಕೊರೆದಿದ್ದ. ತಂತಿ ಮೆತ್ತಗಾದಷ್ಟೂ ಗೋಡೆಯ ಒಳಗೇ ಕುಸಿದು ಕೂಡುತ್ತಿತ್ತು, ಹೊರಗೆ ಬೀಳುತ್ತಿರಲಿಲ್ಲ.

ನಾನು ಕೇಳಬೇಕಾದ್ದನ್ನು ಕೇಳಿದೆ: “ಇದನ್ನ ಯಾರಿಗಾದ್ರೂ ತೋರಿಸೀಯೇನಪಾ? ಅರ್ಜಿ ಹಾಕೂಕಿಂತ ಮೊದಲ ನಾಕ ಮಂದಿ ನೋಡಿದ್ರ ಅದು ಹೊಸಾದಲ್ಲ ಅಂತ ತಗದ ಒಗೀತಾರ.”

“ದೇವರಾಣಿ ಇಲ್ರಿ. ಬಾಗಲಾ ಹಾಕ್ಕೊಂಡ ಮಾಡೇನಿ.”

ಅರ್ಜಿ ಬರೆಯಲು ಕುಳಿತೆ. ಅಡತಿ ಅಂಗಡಿಯಲ್ಲಿ ಬೆಳೆದವನು ನಾನು. ಕೇಳುವಾಗ ಕೈ ಬಿಚ್ಚಿ ಕೇಳಬೇಕು, ಎದುರಿನವ ಎಳೆದಾಡಿ ಇಳಿಸಿದ ಮೇಲೂ ನಮಗೆ ಬೇಕಾದ್ದು ಉಳಿಯಬೇಕು. ಅದೇ ಲೆಕ್ಕದಲ್ಲಿ ಕ್ಲೇಮು ಬರೆದೆ: ತಂತಿ ಸುರುಳಿಯನ್ನು ಎಳೆದು ತೆಗೆಯಬಹುದಾದ ಹಲಗೆಗಳಲ್ಲಿ ಕೂಡಿಸಿದ ಯಾವುದೇ ವಿದ್ಯುತ್ ಕುಲುಮೆ. ಓರೆ ಗ್ರೂವಿನ ಮಾತು ಎಲ್ಲೋ ಕೊನೆಗೆ, ಒಗ್ಗರಣೆಗೆ ಕರಿಬೇವು ಹಾಕಿದಂತೆ.

ಕೆಲವು ತಿಂಗಳಿಗೆ ಎಕ್ಸಾಮಿನರ್ ವರದಿ ಬಂತು. ಎಳೆದು ತೆಗೆಯುವ ಹಲಗೆ ಹೊಸದಲ್ಲ, ಇಂಥ ಹಳೆಯ ವಿಲಾಯತಿ ಪೇಟೆಂಟಿನಲ್ಲಿ ಇದೆ ಎಂದು ಪುಟ, ಸಾಲು ಸಹಿತ ತೋರಿಸಿದ್ದರು. ನಾನು ಬಿಡುವವನೇ? ಒಂದು ಶಬ್ದ ಕಡಿಮೆ ಮಾಡಿ ಕಳಿಸಿದೆ. ಅವರು ಒಪ್ಪಲಿಲ್ಲ. ಇನ್ನೊಂದು ಶಬ್ದ ಬಿಟ್ಟೆ. ಮೂರನೆಯ ಸಲ ಬಂದ ಉತ್ತರದಲ್ಲಿ ಒಂದು ವಾಕ್ಯ ಇತ್ತು. ಅದರ ಸಾರ ಇಷ್ಟು: ಅರ್ಜಿದಾರ ಏನನ್ನು ಕಂಡುಹಿಡಿದಿದ್ದಾನೆ ಎಂಬುದನ್ನು ಅವನ ಚಿತ್ರ ಹೇಳುತ್ತಿದೆ, ನಿಮ್ಮ ಕ್ಲೇಮು ಹೇಳುತ್ತಿಲ್ಲ.

ಸಿಟ್ಟು ಬಂತು, ಆದರೆ ಚಿತ್ರ ಬಿಚ್ಚಿ ನೋಡಿದೆ. ಚಿತ್ರದಲ್ಲಿ ಈರಪ್ಪ ದಪ್ಪ ಗೆರೆಯಲ್ಲಿ ಎಳೆದದ್ದು ಓರೆ ಗ್ರೂವನ್ನೇ. ಹುಬ್ಬಳ್ಳಿ ಕಾಣದ ಒಬ್ಬ ಮನುಷ್ಯ ಕಲ್ಕತ್ತೆಯಲ್ಲಿ ಕೂತು, ನಾನು ಬರೆದ ಅಷ್ಟು ಇಂಗ್ಲಿಷನ್ನು ಬದಿಗೆ ಸರಿಸಿ, ಆ ಗೆರೆಯನ್ನು ಹಿಡಿದಿದ್ದ. ಒಲ್ಲದ ಮನಸ್ಸಿನಿಂದ ಕ್ಲೇಮನ್ನು ಓರೆ ಗ್ರೂವಿನ ಹಲಗೆ ಇರುವ ಕುಲುಮೆಗೆ ಇಳಿಸಿದೆ. ಒಪ್ಪಿಗೆ ಸಿಕ್ಕಿತು. ಹತ್ತು ಎಕರೆ ಕೇಳಿ ಒಂದು ಎಕರೆಗೆ ಸಹಿ ಮಾಡಿದಂತೆ ಅನಿಸಿತು ನನಗೆ.

ಒಪ್ಪಿಗೆಯಾದ ಅರ್ಜಿಯನ್ನು ಪ್ರಕಟಿಸುತ್ತಾರೆ; ಆಗ ಯಾರು ಬೇಕಾದರೂ ತಕರಾರು ಹಾಕಬಹುದು. ತಕರಾರು ಬಂತು, ಅದೂ ನಮ್ಮೂರಿನಿಂದಲೇ. ಶಿವಲಿಂಗಪ್ಪ ಶೆಟ್ಟರು ಕಬ್ಬಿಣದ ವ್ಯಾಪಾರಿ. ದೊಡ್ಡ ಶೆಡ್ಡಿನಲ್ಲಿ ಇಂಥವೇ ಎರಡು ಭಟ್ಟಿ ಕಟ್ಟಲು ಶುರು ಮಾಡಿದ್ದರು. ಈರಪ್ಪನಿಗೆ ಹೇಳಿ ಕಳಿಸಿದ್ದರು: “ಬಾ, ನಮ್ಮ ಶೆಡ್ಡಿನಾಗ ಫೋರಮನ್ ಆಗು. ಪಗಾರ ಛಲೋ ಕೊಡ್ತೇನಿ.” ಪೇಟೆಂಟ್ ಬಿದ್ದರೆ ಈರಪ್ಪನಿಗೆ ಅದೊಂದೇ ದಾರಿ. ತಾನು ಕಟ್ಟಿದ ಭಟ್ಟಿಯ ಮುಂದೆ ಮತ್ತೊಬ್ಬರ ಆಳಾಗಿ ನಿಲ್ಲುವುದು.

ತಕರಾರಿನ ಜೊತೆ ಒಂದು ಫೋಟೋದ ಸಣ್ಣ ಪ್ರತಿ ಇತ್ತು.  ಅರ್ಜಿಗೂ ಮುಂಚಿನ ಖಂಡೇನವಮಿ, ಆಯುಧಪೂಜೆಯ ದಿನದ್ದು. ಭಟ್ಟಿಗೆ ಬಾಳೆಕಂಬ, ಮುಂದೆ ಸ್ಟೂಲಿನ ಮೇಲೆ ಹೊರಗೆಳೆದಿಟ್ಟ ಹಲಗೆ, ಅದಕ್ಕೆ ಚೆಂಡುಹೂವಿನ ಮಾಲೆ. ಈರಪ್ಪನ ತಾಯಿ ಗಂಗವ್ವ ಆರತಿ ಹಿಡಿದಿದ್ದಾಳೆ. ಹಿಂದೆ ಅರ್ಧ ಓಣಿಯೇ ನಿಂತಿದೆ. ಪೇಢೆ ಕೈಯಲ್ಲಿ ಹಿಡಿದು ನಡುವೆ ನಿಂತವರು ಶೆಟ್ಟರು!

ಗೋಪನಕೊಪ್ಪಕ್ಕೆ ಓಡಿದೆ. “ಯಾರಿಗೂ ತೋರಿಸಿಲ್ಲ ಅಂದ್ಯಲ್ಲೋ ಮಾರಾಯಾ!”

ಈರಪ್ಪ ಕಣ್ಣು ಕಣ್ಣು ಬಿಟ್ಟ. “ತೋರಿಸಿಲ್ರಿ. ಅದು ಪೂಜಿ ಅಲ್ರಿ?”

ಒಳಗಿನಿಂದ ಗಂಗವ್ವ ಬಂದಳು. “ಪೂಜಿಗೆ ಮಂದೀನ ಕರೀಬಾರದೇನ್ರಿ ಏಜಂಟ್ರ? ದೇವರಿಗೆ ಮುಚ್ಚಿಟ್ಟ ಕುಂಕುಮಾ ಹಚ್ಚಾಕ ಬರತೈತೇನು? ನಾನ ಅಂದೆ, ಆ ಹಲಿಗಿ ಹೊರಗ ತಗಿಯೋ, ಅದಕ್ಕೂ ಹಚ್ಚತೇನಿ ಅಂತ.”

 ಖಂಡೇನವಮಿಗೆ ಯಂತ್ರ ಪೂಜಿಸದ, ಓಣಿಯನ್ನು ಕರೆಯದ ಮನೆ ನಮ್ಮಲ್ಲಿ ಯಾವುದಿದೆ? ಕಾಯ್ದೆ ಬರೆದವರು ನಮ್ಮ ಓಣಿಯಲ್ಲಿ ಇರಲಿಲ್ಲ.

ಆಗ ಈರಪ್ಪ ನಿಧಾನಕ್ಕೆ ಒಂದು ಮಾತು ಹೇಳಿದ. ಪೂಜೆಯ ದಿನ ಗ್ರೂವು ನೇರ ಇತ್ತು. ದೀಪಾವಳಿ ಹೊತ್ತಿಗೆ ಭಟ್ಟಿ ಪೂರ್ತಿ ಕಾಸಿದಾಗ ತಂತಿ ಕೆಳಗೆ ಬಿತ್ತು. ಓರೆ ಕೊರೆಯುವ ವಿಚಾರ ಹೊಳೆದದ್ದು ಆಮೇಲೆ. “ಹಳೇ ಹಲಿಗಿ ಎಲ್ಲೈತಿ?” ಎಂದೆ. ಒಡೆದು ಶೆಡ್ಡಿನ ನೆಲ ತುಂಬಲು ಹಾಕಿಬಿಟ್ಟಿದ್ದ. ಸಣ್ಣ ಫೋಟೋದಲ್ಲಿ ಮಾಲೆ, ಹೊಗೆ, ಮಂದಿ ಬಿಟ್ಟರೆ ಏನೂ ಸ್ಪಷ್ಟ ಇಲ್ಲ. ಖರೇ ಇತ್ತು, ಪುರಾವೆ ಇರಲಿಲ್ಲ.

ಕಲ್ಕತ್ತೆಗೆ ವಿಚಾರಣೆಗೆ ಹೊರಟೆವು. ಗುಂತಕಲ್, ಬೆಜವಾಡ ಅಂದರೆ ಈಗಿನ ವಿಜಯವಾಡ, ಅಲ್ಲಿಂದ ಹೌರಾ. ಡಬ್ಬಿಗೆ ಹತ್ತಿ ಕೂತರೆ ಎದುರಿನ ಸೀಟಿನಲ್ಲಿ ಶೆಟ್ಟರು! ಮುಖ ತಿರುಗಿಸಿ ಕೂಡುವಷ್ಟು ಸಣ್ಣ ದಾರಿಯಲ್ಲ ಅದು. ಗದಗ ದಾಟುವ ಹೊತ್ತಿಗೆ ಅವರೇ ಗಂಟು ಬಿಚ್ಚಿದರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆನೆ ಮೊಸರು.

“ತಗೋ ಈರಪ್ಪ. ತಕರಾರು ಕೋರ್ಟಿನಾಗ, ಹೊಟ್ಟ್ಯಾಗ ಅಲ್ಲ.”

“ಬ್ಯಾಡ್ರಿ ಯಜಮಾನ್ರ.”

“ತಿನ್ನೋ! ನಿನ್ನ ಪೂಜಿ ಪೇಢಾ ನಾ ತಿಂದಿಲ್ಲೇನು?”

ಈರಪ್ಪ ನಕ್ಕುಬಿಟ್ಟ. ನಾನೂ ರೊಟ್ಟಿ ಮುರಿದೆ. ತಿನ್ನುತ್ತ ಶೆಟ್ಟರು ನನಗೆ ಹೆಮ್ಮೆಯಿಂದ ಹೇಳಿದರು: “ಏಜಂಟ್ರ, ಆ ಸಣ್ಣ ಫೋಟೋ ನೋಡಿ ಸಾಹೇಬ್ರು ಏನೂ ಕಾಣಂಗಿಲ್ಲ ಅಂದಗಿಂದಾರು ಅಂತ, ಸ್ಟುಡಿಯೋದವಗ ಹೇಳಿ ಇಷ್ಟಗಲ ಮಾಡಿಸೇನಿ. ಹಲಿಗಿ ಎದ್ದ ಕಾಣತೈತಿ.”  ಅದು ನಮಗೆ ಒಳ್ಳೆಯದೋ ಕೆಟ್ಟದ್ದೋ, ನೋಡುವವರೆಗೆ ತಿಳಿಯುವಂತಿರಲಿಲ್ಲ.

ವಿಚಾರಣೆ ನಡೆಸಿದವರು ಒಬ್ಬ ಹಿರಿಯ ಅಧಿಕಾರಿ. ಪಕ್ಕದಲ್ಲಿ ನಮ್ಮ ಅರ್ಜಿ ನೋಡಿದ ಎಕ್ಸಾಮಿನರ್. ತೆಳ್ಳನೆಯ ಬಂಗಾಲಿ, ಬಿಳಿ ಧೋತರ, ಕಿಸೆಯಲ್ಲಿ ಒಂದು ಭೂತಗನ್ನಡಿ. ಶೆಟ್ಟರ ವಕೀಲರು ದೊಡ್ಡ ಫೋಟೋವನ್ನು ಮೇಜಿನ ಮೇಲೆ ಹರಡಿ, ಅರ್ಜಿಗೂ ಮುಂಚೆ ಇಡೀ ಓಣಿ ಇದನ್ನು ನೋಡಿದೆ, ಇನ್ನು ಹೊಸದೇನು ಉಳಿಯಿತು ಎಂದು ವಾದಿಸಿದರು. ಅಧಿಕಾರಿ ನಮ್ಮ ಕಡೆ ನೋಡಿದರು. ಈರಪ್ಪ ಎದ್ದು ನಿಂತು, ಫೋಟೋ ತನ್ನ ಶೆಡ್ಡಿನದೇ, ಮಂದಿ ನೋಡಿದ್ದು ಖರೇ, ಆದರೆ ಆ ದಿನ ಗ್ರೂವು ನೇರ ಇತ್ತು ಎಂದಷ್ಟೇ ಹೇಳಿದ. ಬರೀ ಬಾಯಿಮಾತು ಎಂದರು ಎದುರಿನ ವಕೀಲರು.

ಎಕ್ಸಾಮಿನರ್ ಅಧಿಕಾರಿಯ ಅಪ್ಪಣೆ ಪಡೆದು ಫೋಟೋದ ಮೇಲೆ ಬಾಗಿದರು. ಭೂತಗನ್ನಡಿ ಗಂಗವ್ವನ ಮುಖ ಬಿಟ್ಟಿತು, ಶೆಟ್ಟರ ಪೇಢೆ ಬಿಟ್ಟಿತು, ಮಾಲೆಯನ್ನೂ ಬಿಟ್ಟಿತು. ಹಲಗೆಯ ತುದಿಗೆ ಬಂದು ನಿಂತಿತು. ಅಲ್ಲಿ ಹೂವು ಮುಚ್ಚದ ಒಂದು ಬೆರಳಗಲದ ಜಾಗ ಇತ್ತು. ಆಮೇಲೆ ತಲೆ ಎತ್ತಿ ಶೆಟ್ಟರನ್ನೇ ಹಿಂದಿಯಲ್ಲಿ ಕೇಳಿದರು: “ನೀವು ಹತ್ತಿರ ನಿಂತಿದ್ದಿರಿ. ಈ ಸುರುಳಿಯನ್ನು ಅಲ್ಲಲ್ಲಿ ಸಣ್ಣ ತಂತಿಯಿಂದ ಹಲಗೆಗೆ ಕಟ್ಟಿದ್ದಾರಲ್ಲ, ಯಾಕೆ?”

ಶೆಟ್ಟರ ವಕೀಲರು ಬಾಯಿ ತೆರೆಯುವಷ್ಟರಲ್ಲಿ ಶೆಟ್ಟರು ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ಉತ್ತರಿಸಿಬಿಟ್ಟರು. ಅದನ್ನು ಕನ್ನಡದಲ್ಲೇ ಬರೆಯುತ್ತೇನೆ: “ಕಟ್ಟದಿದ್ರ ಬೀಳ್ತೈತಲ್ರಿ ಸಾಹೇಬ್ರ! ನಾನ ಹೇಳಿದ್ದೆ ಈರಪ್ಪಗ, ಗಟ್ಟಿ ಕಟ್ಟೋ ಅಂತ.”

 ಎಕ್ಸಾಮಿನರ್ ಈರಪ್ಪನ ಚಿತ್ರವನ್ನು ಫೋಟೋದ ಪಕ್ಕಕ್ಕಿಟ್ಟು ಅಧಿಕಾರಿಗೆ ತೋರಿಸಿದರು. ಇಲ್ಲಿ ಗ್ರೂವು ನೇರ, ತಂತಿ ಕಟ್ಟಿದೆ. ಅಲ್ಲಿ ಗ್ರೂವು ಓರೆ, ಕಟ್ಟುವ ಕೆಲಸವೇ ಇಲ್ಲ. ಓಣಿ ನೋಡಿದ್ದು ಬೀಳುವ ತಂತಿಯನ್ನು. ಪೇಟೆಂಟ್ ಕೇಳಿದ್ದು ಬೀಳದ ತಂತಿಗೆ.

ಕೆಲವು ವಾರಗಳಿಗೆ ಆದೇಶ ಬಂತು. ತಕರಾರು ವಜಾ ಆಗಿತ್ತು, ಪೇಟೆಂಟ್ ಈರಪ್ಪನದಾಯಿತು. ಆದರೆ ನನಗೆ ಪಾಠ ಆದದ್ದು ಆ ಕೋಣೆಯಲ್ಲೇ. ನಾನು ಹೊಡೆದಾಡಿ ಕೇಳಿದ್ದ ಅಗಲ ಕ್ಲೇಮು, ಎಳೆದು ತೆಗೆಯುವ ಹಲಗೆಯೆಲ್ಲ ನಮ್ಮದೇ ಎಂಬುದು, ಅವತ್ತು ಉಳಿದಿದ್ದರೆ ಆ ಫೋಟೋದ ಮುಂದೆ ಅಲ್ಲೇ ಕುಸಿಯುತ್ತಿತ್ತು. ಹಲಗೆಯನ್ನು ಓಣಿಗೆ ಓಣಿಯೇ ನೋಡಿತ್ತಲ್ಲ! ಎಕ್ಸಾಮಿನರ್ ಕೊಯ್ದು ಬಿಟ್ಟ ಎಕರೆಗಳಿಗೆ ನಾನು ಅತ್ತಿದ್ದೆ. ಅವರು ಉಳಿಸಿಕೊಟ್ಟ ಒಂದು ಎಕರೆಯ ಬದು ಮಾತ್ರ ಯಾರು ದೂಡಿದರೂ ಅಲುಗಲಿಲ್ಲ. ವಿಚಾರಣೆ ಮುಗಿದು ಹೊರಡುವಾಗ ಅವರಿಗೆ ಕೈಮುಗಿದಿದ್ದೆ. ಅವರು ನಕ್ಕು, ಆ ಗ್ರೂವನ್ನು ಎಷ್ಟು ಓರೆ ಕೊರೆದರೆ ಸರಿ ಎಂಬುದನ್ನು ಹೇಗೆ ಗೊತ್ತು ಮಾಡಿದೆ ಎಂದು ಈರಪ್ಪನನ್ನು ಕೇಳುತ್ತ ನಿಂತರು. ಗೆದ್ದವರು ಸೋತವರು ಯಾರೆಂಬುದರ ಕಡೆ ಅವರ ಲಕ್ಷ್ಯವೇ ಇರಲಿಲ್ಲ.

ವಿಚಾರಣೆ ಮುಗಿಸಿ ಊರಿಗೆ ಬರುವ ಗಾಡಿಯಲ್ಲೂ ಶೆಟ್ಟರು ಎದುರಿಗೇ. ಆದೇಶ ಇನ್ನೂ ಬಂದಿರಲಿಲ್ಲ, ಆದರೆ ಅದು ಯಾವ ಕಡೆ ಬರುತ್ತದೆಂದು ಮೂವರಿಗೂ ಗೊತ್ತಾಗಿತ್ತು. ರೊಟ್ಟಿ ಗಂಟು ಖಾಲಿಯಾಗಿತ್ತು. ಈ ಸಲ ಈರಪ್ಪ ಚಹಾ ಕೊಡಿಸಿದ. ಬಳ್ಳಾರಿ ಬರುವುದರೊಳಗೆ ಶೆಟ್ಟರು ಕೇಳಿಯೇ ಬಿಟ್ಟರು: “ಅಲ್ಲೋ ಈರಪ್ಪ, ನನ್ನ ಶೆಡ್ಡಿನಾಗ ಎರಡ ಭಟ್ಟಿ ಅರ್ಧಕ್ಕ ನಿಂತಾವ. ಏನ ಮಾಡೂಣು?”

“ನಾನ ಕಟ್ಟಿಕೊಡ್ತೇನ್ರಿ,” ಎಂದ ಈರಪ್ಪ. “ಫೋರಮನ್ ಆಗಿ ಅಲ್ಲ.”

ಭಟ್ಟಿ ಕಟ್ಟುವ ಕೂಲಿ, ಪೇಟೆಂಟ್ ಬಳಸುವುದಕ್ಕೆ ಹಣ, ಈ ಶರತ್ತು ನಾನು ಮಾತಾಡಿದೆ, ನನ್ನ ಕಸುಬು ಅದು. ಅವತ್ತು ಕೈ ಬಿಚ್ಚಿ ಕೇಳಲಿಲ್ಲ. ನಮ್ಮದು ಎಷ್ಟೋ ಅಷ್ಟನ್ನೇ ಕೇಳಿದೆ, ಅದರಿಂದ ಒಂದು ಕೂದಲೆಳೆ ಇಳಿಯಲಿಲ್ಲ. ಶೆಟ್ಟರು ಹೊಸಪೇಟೆಗೆ ಬರುವಷ್ಟರಲ್ಲಿ ಒಪ್ಪಿದರು.

ಹೊಸದೇನಾದರೂ ಮಾಡುವ ಹುಡುಗರು ಇವತ್ತಿಗೂ ನನ್ನ ಬಳಿ ಬರುತ್ತಾರೆ. ಮೊದಲು ಅರ್ಜಿ, ಆಮೇಲೆ ತೆಂಗಿನಕಾಯಿ ಎನ್ನುತ್ತೇನೆ. ಪರೀಕ್ಷಕ ಕತ್ತರಿ ಹಾಕಿದರೆ ಬೈಯಬೇಡಿ, ಅವನು ನಿಮ್ಮ ಮೊದಲ ವೈರಿ ಅಲ್ಲ, ಕಡೆಯ ವೈರಿ ಬರುವ ಮುಂಚೆ ನಿಮ್ಮನ್ನು ಗಟ್ಟಿ ಮಾಡುವವನು ಎನ್ನುತ್ತೇನೆ.

ಪೇಟೆಂಟ್ ಕೈಗೆ ಬಂದ ವರ್ಷದ ಖಂಡೇನವಮಿಗೆ ಗಂಗವ್ವ ನನ್ನನ್ನೂ ಕರೆದಿದ್ದಳು. ಆರತಿ ಹಿಡಿದು ನಿಂತವಳು ನನ್ನ ಮುಖ ನೋಡಿದಳು. “ಏನ್ರಿ ಏಜಂಟ್ರ, ಹಲಿಗಿ ಹೊರಗ ತಗಸಲ್ಯೋ ಬ್ಯಾಡೋ?”

“ತಗಸ್ರಿ ಅವ್ವಾರ,” ಎಂದೆ. “ಇನ್ನ ಊರಿಗೂರ ನೋಡಲಿ.”

ಈರಪ್ಪ ಎಳೆದ. ಓರೆ ಗ್ರೂವಿನಲ್ಲಿ ತಂತಿ ಯಾರೂ ಕಟ್ಟದೆ ತಾನೇ ಕೂತಿತ್ತು. ಫೋಟೋದವನು ಎಲ್ಲರನ್ನೂ ಸರಿಸಿ ನಿಲ್ಲಿಸಿದ. ಪೇಢೆ ಹಿಡಿದ ಶೆಟ್ಟರು ಈ ಸಲ ಸ್ವಲ್ಪ ಬದಿಗೆ ನಿಂತರು, ಹಲಗೆಯ ತುದಿ ಸ್ಪಷ್ಟ ಕಾಣಲಿ ಎಂದು.