ಮಲಗಿದ ಡ್ರಮ್ಮಿನಲ್ಲಿ ಏಳು ನೀರು

ಡ್ರಮ್ಮನ್ನು ಮಲಗಿಸಬೇಕೆಂದು ಮೊದಲು ಹೇಳಿದವಳು ನಾನು. ನನ್ನ ಗಂಡ ಇವತ್ತಿಗೂ ಆ ಹೆಚ್ಚುಗಾರಿಕೆಯಲ್ಲಿ ಪಾಲು ಕೇಳುತ್ತಾರೆ. ನಾನು ಕೊಡುವುದಿಲ್ಲ.

ಅರುವತ್ತರ ದಶಕದ ಶುರು. ಪುತ್ತೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ಅವರು ಎಂಜಿನ್ ನೋಡಿಕೊಳ್ಳುತ್ತಿದ್ದರು. ಮಿಲ್ಲಿನ ಹಿಂದೆಯೇ ನಮ್ಮ ಮನೆ, ಅಂಗಳದಲ್ಲಿ ಒಂದು ಬಾವಿ. ಹತ್ತಿರದ ಹೆರಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸವನ್ನು ನಾನು ಕೇಳಿ ತಂದಿದ್ದೆ, ಅತ್ತೆ ಕೈಜೋಡಿಸಿದ್ದರು. ಗುತ್ತಿಗಾರು, ಕೊಲ್ಲಮೊಗ್ರು ಕಡೆಯಿಂದಲೂ ಹೆಂಗಸರು ಬಸ್ಸು ಹಿಡಿದು ಅಲ್ಲಿಗೆ ಬರುತ್ತಿದ್ದರು. ಬೆಳಗ್ಗೆ ಬಂದ ಗಂಟು ಸಂಜೆಯೊಳಗೆ ಒಣಗಿ ಹಿಂದಕ್ಕೆ ಹೋಗಬೇಕಿತ್ತು.

ಅತ್ತೆಯದೊಂದು ಕಟ್ಟಳೆ: ಹೆರಿಗೆಯ ಬಟ್ಟೆಗೆ ಏಳು ನೀರು. ಏಳು ಸಲ ಹೊಸ ನೀರು ಕಾಣದ ಬಟ್ಟೆಯನ್ನು ಅವರು ಹಗ್ಗದ ಮೇಲೆ ಹಾಕಲು ಬಿಡುತ್ತಿರಲಿಲ್ಲ. ಮಳೆಗಾಲದಲ್ಲಿ ಇದೇನೂ ಕಷ್ಟವಲ್ಲ. ಆ ವರ್ಷ ಏಪ್ರಿಲಿನಲ್ಲಿ ಬಾವಿಯ ತಳ ಕಾಣಿಸಿತು. ಎರಡು ದಿನ ಗಂಟು ಹಾಗೆಯೇ ಉಳಿಯಿತು. ಮೂರನೆಯ ದಿನ ಆಸ್ಪತ್ರೆಯ ಡಾಕ್ಟರಮ್ಮ ನಮ್ಮ ಅಂಗಳಕ್ಕೇ ಬಂದರು.

"ಸೋಮವಾರದ ಗಂಟು ಸಂಜೆಯೊಳಗೆ ಬರ್ಬೇಕು. ಇಲ್ಲದಿದ್ರೆ ಮಂಗಳವಾರದಿಂದ ಎಲ್ಲವನ್ನೂ ಮಂಗಳೂರಿಗೆ ಕಳಿಸುದೇ."

ಹುಟ್ಟಿದ ಮೇಲೆ ನನ್ನದು ಎಂದು ಹೇಳಿಕೊಳ್ಳುವಂಥ ಕೆಲಸ ಸಿಕ್ಕಿದ್ದು ಅದೊಂದೇ.

ನನ್ನ ಮುಖ ನೋಡಲಾರದೆ ಗಂಡ ಮಿಲ್ಲಿನ ಧಣಿಗಳನ್ನು ಕೇಳಿ, ಎಂಜಿನ್ನಿನ ಬೆಲ್ಟಿಗೆ ಒಂದು ತಗಡಿನ ಡ್ರಮ್ಮು ಜೋಡಿಸಿದರು. ನೆಟ್ಟಗೆ ನಿಂತ ಡ್ರಮ್ಮು, ನಡುವೆ ತಿರುಗುವ ಮರದ ಕಡೆಗೋಲು. ಬಟ್ಟೆ ಚೆನ್ನಾಗಿಯೇ ಒಗೆಯಿತು, ಸುಳ್ಳು ಹೇಳಬಾರದು. ಆದರೆ ಬಟ್ಟೆ ಮುಳುಗಿ ತಿರುಗಬೇಕಾದರೆ ಡ್ರಮ್ಮಿಗೆ ಕಂಠಮಟ್ಟ ನೀರು ಬೇಕು. ಅಂಥದ್ದು ಏಳು ಸಲ! ಮೂರನೆಯ ನೀರಿಗೇ ಕೊಡಪಾನ ಬಾವಿಯ ತಳದ ಕಲ್ಲಿಗೆ ಠಣ್ಣೆಂದು ಬಡಿಯಿತು.

"ಇವತ್ತಿಗೆ ಮೂರು ನೀರು ಸಾಕು ಅತ್ತೆ," ಎಂದೆ.

"ಬಾಣಂತಿ ಮೈಗೆ ಸುತ್ತುವ ಬಟ್ಟೆ ಅದು. ನಿಮ್ಮ ಎಂಜಿನ್ನಿಗೆ ಏಳು ಎಣಿಸ್ಲಿಕ್ಕೆ ಬರುದಿಲ್ಲಾದ್ರೆ ನಾನು ಎಣಿಸ್ತೇನೆ," ಎಂದರು.

ಸಿಟ್ಟು ಬಂತು. ಕಾಫಿಪುಡಿ ತರುವ ನೆಪ ಹೇಳಿ ಪೇಟೆಗೆ ಹೊರಟೆ. ಅಂಗಡಿಯವರು ಕಾಫಿಬೀಜ ಹುರಿಯುತ್ತಿದ್ದರು. ಕೆಂಡದ ಮೇಲೆ ಅಡ್ಡಕ್ಕೆ ಮಲಗಿದ ಡ್ರಮ್ಮು ಮೆಲ್ಲಗೆ ತಿರುಗುತ್ತಿತ್ತು. ಬೀಜ ಅದರ ಗೋಡೆ ಹಿಡಿದು ಮೇಲೇರಿ ಜರ್ರನೆ ಕೆಳಗೆ ಬೀಳುತ್ತಿತ್ತು. ಮತ್ತೆ ಏರುವುದು, ಮತ್ತೆ ಬೀಳುವುದು. ಒಗೆಯುವ ಕಲ್ಲಿನ ಮುಂದೆ ನಾವು ಮಾಡುವುದೂ ಅದನ್ನೇ ಅಲ್ಲವೇ? ಎತ್ತುವುದು, ಬಡಿಯುವುದು. ಬಟ್ಟೆ ನೀರಿನಲ್ಲಿ ಈಜಬೇಕಾಗಿಲ್ಲ, ಬೀಳುವ ಜಾಗದಲ್ಲಿ ಒಂದಿಷ್ಟು ನೀರಿದ್ದರಾಯಿತು. ಕಾಫಿಪುಡಿ ಮರೆತು ಮಿಲ್ಲಿಗೆ ಓಡಿದೆ.

"ಡ್ರಮ್ಮು ಮಲಗಿಸಿ ಮಾರಾಯ್ರೆ!"

"ಎಂತ ಮರ್ಲು ನಿಂಗೆ? ಮಲಗಿಸಿದ್ರೆ ನೀರು ಚೆಲ್ಲುದಿಲ್ವಾ?"

"ತುಂಬಿಸಿದ್ರೆ ಅಲ್ವಾ ಚೆಲ್ಲುದು?"

ಅವರು ಬೆಲ್ಟು ಕಳಚಿ ಡ್ರಮ್ಮನ್ನು ಮಲಗಿಸಿದರು. ಆಮೇಲಿನ ಕೈಕೆಲಸವೆಲ್ಲ ಅವರದೇ, ಅಷ್ಟನ್ನು ಒಪ್ಪುತ್ತೇನೆ. ಡ್ರಮ್ಮಿನ ಮುಚ್ಚಳದ ನಡುವೆ ಬಟ್ಟೆ ಹಾಕಲು ಒಂದು ದುಂಡು ಬಾಯಿ ಕೊರೆದರು. ಒಳಗೋಡೆಗೆ ಬಟ್ಟೆ ಎತ್ತಲು ಮೂರು ಹಲಗೆ, ನೀರು ಬಿಡಲು ಪಕ್ಕದಲ್ಲಿ ಒಂದು ಬಿರಡೆ. ನೀರು ಬಾಯಿಯ ಅಂಚಿಗಿಂತ ಎಷ್ಟೋ ಕೆಳಗಿದ್ದುದರಿಂದ ಒಂದು ತೊಟ್ಟೂ ಚೆಲ್ಲಲಿಲ್ಲ.

ಆದರೆ ಬೆಲ್ಟು ಹಾಕಿದ ಕೂಡಲೇ ಡ್ರಮ್ಮು ಭರ್ರೆಂದು ತಿರುಗಿತು. ಬಟ್ಟೆಗಳು ಹಲ್ಲಿಯ ಹಾಗೆ ಗೋಡೆಗೆ ಅಂಟಿ ಕೂತವು, ಒಂದೂ ಕೆಳಗೆ ಬೀಳಲಿಲ್ಲ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಮಿಲ್ಲಿನ ಎಂಜಿನ್ನಿನ ವೇಗ ತಗ್ಗಿಸುವಂತಿಲ್ಲ. ಗಂಡ ಭಾನುವಾರವಿಡೀ ಕೂತು ಡ್ರಮ್ಮಿನ ಅಚ್ಚಿಗೆ ಮರದ ದೊಡ್ಡ ಚಕ್ರವೊಂದನ್ನು ಕೂರಿಸಿದರು. ಮೊದಲಿದ್ದ ಚಿಕ್ಕ ಚಕ್ರವನ್ನು ತೆಗೆಯಬೇಡಿ ಎಂದೆ. ಅದರ ಆ ಓಟ ಬಟ್ಟೆ ಹಿಂಡುವುದಕ್ಕಾದೀತು ಅನ್ನಿಸಿತ್ತು.

ಸೋಮವಾರ ಬೆಳಗ್ಗೆ ಗಂಟು ಬಂತು. ಅತ್ತೆ ಏಳು ಹುಣಸೆಬೀಜ ಹಿಡಿದು ಡ್ರಮ್ಮಿನ ಎದುರೇ ಮಣೆ ಹಾಕಿ ಕೂತರು. ಬೆಲ್ಟು ದೊಡ್ಡ ಚಕ್ರಕ್ಕೆ. ಡ್ರಮ್ಮು ಸಾವಕಾಶ ತಿರುಗಿತು. ದಬ್, ದಬ್, ದಬ್! ನಮ್ಮ ಒಗೆಯುವ ಕಲ್ಲಿನದೇ ಸದ್ದು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಒಂದೊಂದು ನೀರಿಗೆ ನಾಲ್ಕೇ ಕೊಡ ಸಾಕಾಯಿತು. ಪ್ರತಿ ಸಲ ನೀರು ಬದಲಾದಾಗಲೂ ಅತ್ತೆ ಒಂದು ಬೀಜ ಕೆಳಗಿಡುತ್ತಿದ್ದರು. ಏಳನೆಯದಾದ ಮೇಲೆ ಬಿರಡೆ ಕಿತ್ತು, ಬೆಲ್ಟನ್ನು ಚಿಕ್ಕ ಚಕ್ರಕ್ಕೆ ಹಾಕಿದೆವು. ಬಟ್ಟೆಯೊಳಗಿನ ನೀರು ತೂತಿನಿಂದ ಚಿಮ್ಮಿ ಎಂಜಿನ್ ನೋಡುವವರ ಮುಖಕ್ಕೇ ಬಡಿಯಿತು. ಅವರ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಮೂರು ಗಂಟೆಗೆಲ್ಲ ಬಟ್ಟೆ ಒಣಗಿತು. ಡಾಕ್ಟರಮ್ಮ ತಾವೇ ಬಂದು ಒಂದು ಸೀರೆಯ ಅಂಚು ಹಿಡಿದು ಮೂಸಿ ನೋಡಿದರು. "ನಾಳೆ ಇನ್ನೊಂದು ಗಂಟು ಹೆಚ್ಚು ಕಳಿಸ್ತೇನೆ, ಆಗ್ತದಾ?" ಎಂದು ಕೇಳಿದರು. ಆಗುತ್ತದೆ ಎಂದು ನಾನು ಇಡೀ ಮಿಲ್ಲಿಗೆ ಕೇಳುವ ಹಾಗೆ ಹೇಳಿದೆ.

ಮರುದಿನ ಏಳು ನೀರು ಮುಗಿಸಿ ಬಿರಡೆಗೆ ಕೈ ಹಾಕಿದೆ. ಅತ್ತೆ ತಡೆದರು. ಎದ್ದು ಬಾವಿಕಟ್ಟೆಗೆ ಹೋಗಿ ಕೊಡಪಾನ ಇಳಿಬಿಟ್ಟು ಕಿವಿಗೊಟ್ಟರು. ಕಲ್ಲಿನ ಸದ್ದು ಬರಲಿಲ್ಲ. ತುಂಬಿದ ಕೊಡಪಾನವನ್ನು ಸೊಂಟಕ್ಕೇರಿಸಿಕೊಂಡು ಬಂದು ನನ್ನ ಮುಂದೆ ಇಳಿಸಿದರು.

"ಎಂಟನೆಯದೂ ಒಂದು ಆಗ್ಲಿ," ಎಂದರು. "ನೀರು ಉಂಟು."