ಪಾಪವನ್ನು ಧಾರೆ ಎರೆಸಿಕೊಂಡದ್ದು

ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆದ್ದು, ಯುದ್ಧಕಾಲದ ಇದ್ದಿಲು ಬಸ್ಸಿನ ಮಸಿ ಮೆತ್ತಿಕೊಂಡು ಬೆಸಗರಹಳ್ಳಿಗೆ ಬಂದರೆ, ಮನೆಯಲ್ಲೇ ಎದುರಾಳಿ ಕಾದಿದ್ದಳು: ನಮ್ಮವ್ವ.

ಅತ್ತಿಗೆಗೆ ಮತ್ತೆ ಬಸಿರು. ಹಿಂದಿನ ಹೆರಿಗೆಯಲ್ಲೇ ಸತ್ತು ಬದುಕಿದ್ದಳು. ಹೃದಯ ಸೋತಿದೆ, ಬಸಿರು ಇಳಿಸದಿದ್ದರೆ ಇವಳು ಉಳಿಯುವುದಿಲ್ಲ ಎಂದು ಮಂಡ್ಯದ ಡಾಕ್ಟರಮ್ಮ ಹೇಳಿದ್ದರು. ಅಣ್ಣ ಒಪ್ಪಿದ್ದ. ಇರುವ ಮಕ್ಕಳಿಗಾಗಿ ಬದುಕಬೇಕೆಂದು ಅತ್ತಿಗೆಗೂ ಆಸೆ. ಆದರೆ ಅವ್ವ ಹೂಂ ಅನ್ನದೆ ತಾನು ಹೊಸಿಲು ದಾಟಲಾರೆನೆಂದು ಅತ್ತಿಗೆ ಕೂತಿದ್ದಳು.

ನಾನು ಜಗುಲಿಯಲ್ಲೇ ವಾದ ಹೂಡಿದೆ. "ಜೀವ ಉಳಿಸಾಕೆ ಅಂದ್ರೆ ಕಾನೂನೂ ಒಪ್ತದೆ ಕಣವ್ವ."

"ಯಮನ ಮುಂದೆ ನಿನ್ ಕಾನೂನು ನಡೀತದೇನ್ಲಾ?"

"ಗುಡಿ ಅಯ್ನೋರೂ ತಾಯಿ ಜೀವ ಮೊದ್ಲು ಅಂದ್ರಲ್ಲ!"

"ಅವ್ರೇನು, ಏಳ್ತಾರೆ. ಪಾಪ ಅಂಟುದ್ರೆ ತೊಳ್ಕಳಕ್ಕೆ ಅವರತ್ರ ಮಂತ್ರ ಅದೆ. ಈ ಎಣ್ಮಗಳತ್ರ ಏನದೆ? ಬದುಕ್ಕಂಡು ಅದ್ನ ಒತ್ಕಂಡು ತಿರುಗ್ಬೇಕಾ?"

ಅಲ್ಲಿ ನಾನು ಮುಗ್ಗರಿಸಿದೆ. ಅವ್ವನಿಗೆ ಸೊಸೆಯ ಮೇಲೆ ಸಿಟ್ಟಿರಲಿಲ್ಲ, ಸೊಸೆಗೆ ಪಾಪ ಅಂಟೀತೆಂಬ ಭಯ. ದೇವರೇ ಇಲ್ಲವೆಂದು ಸಾಧಿಸಹೊರಟರೆ ರಜೆ ಮುಗಿದರೂ ಗೆಲ್ಲುವ ಹಾಗಿರಲಿಲ್ಲ. ಎದುರಾಳಿಯ ಮಾತನ್ನೇ ಒಪ್ಪಿಕೊಂಡು ಮುಂದುವರಿದೆ.

"ಆಯ್ತು, ಪಾಪ ಅದೆ ಅಂತ್ಲೇ ಇಟ್ಕೊ. ಅದ್ನ ನಂಗೆ ಕೊಡ್ಸು. ದ್ಯಾವ್ರೇ ಇಲ್ಲ ಅನ್ನೋನ್ಗೆ ಇದೊಂದು ಎಚ್ಚಾ?"

ಮಾತಿನ ವರಸೆಗೆ ಅಂದದ್ದು. ಅವ್ವ ಎದ್ದುಹೋಗಿ ಚೊಂಬಿನಲ್ಲಿ ನೀರು ತಂದಳು.

"ಬಾಯ್ಮಾತಲ್ಲಿ ಆಗಾಕಿಲ್ಲ. ಕೈ ಒಡ್ಡು."

ದಾನ ಕೊಡುವಾಗ ಎರೆಯುವಂತೆ ಅತ್ತಿಗೆಯ ಕೈಯಿಂದ ಧಾರೆ ಎರೆಸಬೇಕಂತೆ! ಮಂತ್ರತಂತ್ರವನ್ನು ಗೇಲಿ ಮಾಡಿಯೇ ಕಪ್ ಗೆದ್ದ ನಾನು ಮೂಡಲಿಗೆ ಮುಖ ಮಾಡಿ ಬೊಗಸೆಯೊಡ್ಡಿದೆ. ಅತ್ತಿಗೆ ನಗು ತಡೆಯಲಾರದೆ ಅರ್ಧ ನೀರನ್ನು ನನ್ನ ಪಂಚೆಗೇ ಎರೆದಳು.

"ನೆಟ್ಟಗೆ ಬುಡಮ್ಮಿ! ಒಂದ್ ತೊಟ್ಟೂ ನಿನ್ ಕಡೆ ಉಳೀಬಾರ್ದು," ಎಂದು ಗದರಿದ ಅವ್ವ, ಅದೇ ಉಸಿರಿನಲ್ಲಿ ಗಾಡಿ ಕಟ್ಟಲು ಅಣ್ಣನನ್ನು ಕೂಗಿದಳು.

ಮುಂದಿನ ರಜೆಗೆ ನಾನು ಬರುವ ಹೊತ್ತಿಗೆ ಅತ್ತಿಗೆ ಒಲೆಯ ಮುಂದೆ ಕೂತು ಮುದ್ದೆ ಕಟ್ಟುವಷ್ಟು ಗಟ್ಟಿಯಾಗಿದ್ದಳು. ಬಡಿಸುತ್ತಾ ಕೆಣಕಿದಳು: "ಏನ್ ಮೈದ, ಪಾಪ ಭಾರ ಆಯ್ತಾ?"

"ಭಾರ ಗೊತ್ತಿಲ್ಲ. ಅಸಿವು ಜಾಸ್ತಿ ಆಗ್ಬುಟ್ಟದೆ."

ಅವ್ವ ನಗಲಿಲ್ಲ. ನನ್ನ ಮುದ್ದೆಗೆ ಇನ್ನೊಂದು ಮಿಳ್ಳೆ ತುಪ್ಪ ಸುರಿದು, "ಉಣ್ಲಿ ಬುಡು. ಇಬ್ರ ಪಾಲು ಒತ್ತವ್ನೆ," ಎಂದಳು.