ಕೆನ್ನೆಗೆ ಹತ್ತಿದ ಕೆಂಪು

ಇದನ್ನು ಬರೆಯಬೇಕೆಂದು ಕುಳಿತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಒಮ್ಮೆ ಕನ್ನಡಕ ಸರಿಯಿಲ್ಲ ಎಂದುಕೊಂಡೆ, ಇನ್ನೊಮ್ಮೆ ಮೊಮ್ಮಗಳ ಮದುವೆ ಮುಗಿಯಲಿ ಎಂದುಕೊಂಡೆ. ಹತ್ತನೆಯ ತರಗತಿಗೆ ಓದು ನಿಲ್ಲಿಸಿದವನಿಗೆ ಬರವಣಿಗೆ ಎಲ್ಲಿಂದ ಬರಬೇಕು ಎಂಬ ನೆಪವೂ ಇತ್ತು. ನಿಜವಾಗಿ ಇದ್ದದ್ದು ಹೆದರಿಕೆ.

ಆಗೆಲ್ಲ ಮೂಡುಬಿದಿರೆಯಲ್ಲಿ ಅಂಗಡಿಯ ಹೆಸರು ಹಾಕಿದ ಬಟ್ಟೆ ಚೀಲ ಬೇಕಾದವರು ನಮ್ಮ ಮನೆಗೆ ಬರುತ್ತಿದ್ದರು. ಹಿಂದುಗಡೆಯ ಮಾಡಿನ ಕೆಳಗೆ ಅಪ್ಪನ ಸ್ಕ್ರೀನ್ ಪ್ರಿಂಟಿಂಗ್. ಕಂಬಳಿ ಹೊದಿಸಿದ ಉದ್ದನೆಯ ಮೇಜು; ಮರದ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ. ಅದರ ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಎಳೆದರೆ ಕೆಳಗೆ ಅಕ್ಷರ ಮೂಡುತ್ತಿತ್ತು. ಬಣ್ಣಕ್ಕೆ ಸೀಮೆಎಣ್ಣೆ ಸೇರಿಸುತ್ತಿದ್ದರು. ನಿಮ್ಮ ಮನೆಯ ಅನ್ನಕ್ಕೂ ಅದೇ ವಾಸನೆ ಎಂದು ಶಾಲೆಯಲ್ಲಿ ಹುಡುಗರು ನನ್ನನ್ನು ಗೇಲಿ ಮಾಡುತ್ತಿದ್ದರು.

ಅಪ್ಪನದು ಯಾವತ್ತೂ ಒಂದೇ ಬಣ್ಣದ ಕೆಲಸ. ಬಣ್ಣದ ಮೇಲೆ ಬಣ್ಣ ಕೂರಿಸಿ ನೋಡುವ ಹುಚ್ಚು ಹಿಡಿದದ್ದು ನಮ್ಮಲ್ಲಿ ಕೆಲಸಕ್ಕಿದ್ದ ಅಕ್ಕನಿಗೆ. ಅವಳು ಕಕ್ಕಿಂಜೆಯವಳು. ಬೀಡಿ ಕಟ್ಟಿ ಕಟ್ಟಿ ಹೊಗೆಸೊಪ್ಪಿನ ಧೂಳಿಗೆ ಉಬ್ಬಸ ಹಿಡಿದಿತ್ತು. ಆ ಕೆಲಸ ಬಿಡಲೇಬೇಕು ಎಂದು ಡಾಕ್ಟರು ಹೇಳಿದ ಮೇಲೆ ನಮ್ಮೂರಲ್ಲಿದ್ದ ತನ್ನ ಸೋದರತ್ತೆಯ ಮನೆಗೆ ಬಂದು ಉಳಿದಿದ್ದಳು. ನಾನು ಬರೀ ಅಕ್ಕ ಎನ್ನುತ್ತಿದ್ದೆ. ಹೋಟೆಲಿನ ಬನ್ಸ್ ತಂದರೆ ದೊಡ್ಡ ಪಾಲು ನನಗೇ ಕೊಡುತ್ತಿದ್ದಳು.

ಬಸದಿಯ ಕಂಬದಲ್ಲಿ ಒಂದರೊಳಗೊಂದು ಹೊಕ್ಕು ಹೊರಬರುವ ಬಳ್ಳಿಯ ಹೆಣಿಗೆ ಉಂಟಲ್ಲ, ಅದನ್ನು ಅವಳು ಕಾಗದದಲ್ಲಿ ಬರೆದು ತಂದಿದ್ದಳು. ಮೂರು ಎಳೆ, ಎಳೆಗೊಂದು ಬಣ್ಣ, ಬಣ್ಣಕ್ಕೊಂದು ಚೌಕಟ್ಟು.

“ಹಳದಿಯ ಮೇಲೆ ಕೆಂಪು ಹಾದುಹೋದ್ರೆ ಕಿತ್ತಳೆ, ನೀಲಿ ಹಾದುಹೋದ್ರೆ ಹಸುರು. ಮೂರೇ ಡಬ್ಬಿಯಲ್ಲಿ ಎಷ್ಟು ಬಣ್ಣ ಆಗ್ತದೆ ನೋಡು ಮಗಾ,” ಎಂದಳು.

“ಚೀಲ ಹೊರುವವನಿಗೆ ಇಷ್ಟೆಲ್ಲ ಹೆಣಿಗೆ ಯಾಕೆ ಮಾರಾಯ್ತಿ?” ಎಂದು ಅಪ್ಪ ನಕ್ಕರು.

“ಚೀಲಕ್ಕಲ್ಲ ಅಣ್ಣ, ಸೀರೆಗೆ.”

ಆ ಮಳೆಗಾಲವಿಡೀ ಅಪ್ಪನ ಹಳೆಯ ಪಂಚೆಗಳ ಮೇಲೆ ಅವಳ ಪ್ರಯೋಗ ನಡೆಯಿತು. ಒಂದು ಎಳೆ ಜಾರಿದರೆ ಇಡೀ ಹೆಣಿಗೆ ಕೆಡುತ್ತಿತ್ತು. ಕೊನೆಗೆ ಚೌಕಟ್ಟು ಪ್ರತಿ ಸಲವೂ ಅದೇ ಜಾಗಕ್ಕೆ ಕೂರುವಂತೆ ಮೇಜಿನ ಅಂಚಿಗೆ ಮೊಳೆ ಹೊಡೆದಳು. ಕೆಳಗಿನ ಬಣ್ಣ ಪೂರ್ತಿ ಒಣಗದೆ ಮೇಲಿನದು ಹಾಕುವಂತಿರಲಿಲ್ಲ. ಒಣಗಿತೋ ಇಲ್ಲವೋ ನೋಡುವುದು ನನ್ನ ಕೆಲಸ.

“ಕೈಯಲ್ಲಿ ಮುಟ್ಟಬೇಡ. ಕೈಗೆ ಗೊತ್ತಾಗುದಿಲ್ಲ. ಕೆನ್ನೆ ಇಡು, ತಂಪು ತಾಗಿದ್ರೆ ಒಣಗಿಲ್ಲ ಅಂತ ಲೆಕ್ಕ,” ಎಂದು ಹೇಳಿಕೊಟ್ಟಿದ್ದಳು.

ನವರಾತ್ರಿಯ ರಜೆಯಲ್ಲಿ ಬಂಟ್ವಾಳದ ಜವಳಿ ಅಂಗಡಿಯ ಕಾಮತರು ಒಂದು ಸೀರೆಯಷ್ಟು ಬಿಳಿ ಬಟ್ಟೆ ಕೊಟ್ಟುಹೋದರು. ಚೆನ್ನಾಗಿ ಬಂದರೆ ಮುಂದೆ ಸೀರೆಯ ಕೆಲಸ ನಮಗೇ. ಅಪ್ಪ ಅಕ್ಕನಿಗೆ ನೇರವಾಗಿಯೇ ಹೇಳಿದರು: “ಇದು ಸರಿಯಾದ್ರೆ ನೀನು ಇಲ್ಲೇ. ಇಲ್ಲದಿದ್ರೆ ಚೀಲಕ್ಕೆ ನಾನೊಬ್ಬ ಸಾಕು.” ಹಾಗಾದರೆ ಅವಳು ಮತ್ತೆ ಬೀಡಿ ಕಟ್ಟಲು ಹೋಗಬೇಕಾಗುತ್ತದೆ ಎಂದು ನನಗೂ ಗೊತ್ತಿತ್ತು.

ಕಾಮತರು ಸಂಜೆಯ ಬಸ್ಸಿಗೆ ಬರುವ ದಿನ ಬೆಳಿಗ್ಗೆಯಿಂದ ಮೋಡ. ಮಧ್ಯಾಹ್ನ ಕರೆಂಟೂ ಹೋಗಿ ಫ್ಯಾನ್ ನಿಂತಿತು. ಅಷ್ಟರಲ್ಲಿ ಹಳದಿ ಒಣಗಿ ಕೆಂಪು ಬಿದ್ದಿತ್ತು, ನೀಲಿ ಬಾಕಿ. ಕೆಂಪಿನ ಚೌಕಟ್ಟನ್ನು ತಕ್ಷಣ ತೊಳೆಯದಿದ್ದರೆ ಜಾಲರಿ ಕಟ್ಟಿಕೊಳ್ಳುತ್ತದೆಂದು ಅಕ್ಕ ಬಾವಿಕಟ್ಟೆಗೆ ಹೋದಳು.

ಹೊರಗೆ ಸೈಕಲ್ಲಿನ ಬೆಲ್. ಗೆಳೆಯ ಹಮೀದ ಬಾಡಿಗೆ ಸೈಕಲ್ ತಂದಿದ್ದ.

“ಬರ್ತೀಯಾ ಇಲ್ವಾ ಮಾರಾಯ? ಗಂಟೆ ಲೆಕ್ಕದ ಬಾಡಿಗೆ, ಹೊತ್ತು ಹೋಗ್ತದೆ!”

ಮೇಜಿನ ಈಚೆ ತುದಿಗೆ ಕೆನ್ನೆ ಇಟ್ಟೆ, ಒಣಗಿತ್ತು. ಗೋಡೆಯ ಕಡೆಯ ತುದಿಗೆ ಹೋಗಿ ಇಟ್ಟೆ. ತಣ್ಣಗೆ ತಾಗಿತು. ತೆಗೆಯುವಾಗ ಚರ್ಮ ಸ್ವಲ್ಪ ಅಂಟಿಕೊಂಡು ಬಿಟ್ಟ ಹಾಗಾಯಿತು. ಹೊರಗೆ ಮತ್ತೆ ಬೆಲ್.

“ಒಣಗಿತಕ್ಕ!” ಎಂದು ಕೂಗಿದೆ.

ಬಾವಿಕಟ್ಟೆಯಿಂದಲೇ ಕೇಳಿದಳು: “ಗೋಡೆಯ ಕಡೆಯೂ ನೋಡಿದಿಯಾ ಮಗಾ?”

“ನೋಡಿದೆ!”

ಆ ದಿನವೇ ನಾನು ಮೊದಲ ಸಲ ಯಾರೂ ಹಿಡಿಯದೆ ಸೈಕಲ್ ತುಳಿದದ್ದು. ಕೂಗಾಡುತ್ತಾ ಮನೆಗೆ ಬಂದರೆ ಒಳಗಿನಿಂದ ಅಪ್ಪನ ಕನ್ನಡ ಕೇಳಿಸಿತು. ನಮ್ಮ ಮನೆಯ ಮಾತು ತುಳು. ಅಪ್ಪ ಕನ್ನಡ ಆಡುತ್ತಿದ್ದದ್ದು ಗಿರಾಕಿ ಬಂದಾಗ, ಇಲ್ಲವೇ ಸಿಟ್ಟು ಏರಿದಾಗ. ಆಗ ಎರಡೂ ಇತ್ತು. ಕಾಮತರು ಕುರ್ಚಿಯಲ್ಲಿ ಕುಳಿತು ಕೊಡೆಯ ಹಿಡಿಯನ್ನೇ ನೋಡುತ್ತಿದ್ದರು.

ಅಕ್ಕ ನೀಲಿಯನ್ನು ಗೋಡೆಯ ಕಡೆಯಿಂದ ಶುರುಮಾಡಿದ್ದಳು. ಹಸಿ ಕೆಂಪು ಚೌಕಟ್ಟಿನ ಅಡಿಗೆ ಹತ್ತಿ, ಮುಂದೆ ಇಟ್ಟಲ್ಲೆಲ್ಲ ಕಲೆಸಿಕೊಂಡಿತ್ತು. ಮೋಡದ ಮಬ್ಬಿನಲ್ಲಿ, ನೀಲಿಯ ಕಪ್ಪಿನಲ್ಲಿ ಅದು ಬೇಗ ಕಾಣಲಿಲ್ಲ. ಕಾಣುವಾಗ ಅರ್ಧ ಬಟ್ಟೆಯ ಹೆಣಿಗೆ ಕೆಸರಾಗಿತ್ತು.

“ಸೀಮೆಎಣ್ಣೆ ಹೆಚ್ಚು ಹಾಕಿದೆಯಾ? ಒಣಗಿದೆಯೋ ಇಲ್ಲವೋ ನೋಡಿದ್ದು ಯಾರು? ಬಾಯಿ ಇಲ್ವಾ ನಿಂಗೆ?”

ಅಪ್ಪನ ಸೊಂಟದ ಬೆಲ್ಟು ಎಂಥದು ಎಂದು ನನ್ನ ಬೆನ್ನಿಗೆ ಗೊತ್ತಿತ್ತು. ಬಾಗಿಲಲ್ಲೇ ನಿಂತೆ. ಅಕ್ಕ ತಿರುಗಿ ನನ್ನನ್ನು ನೋಡಿದಳು. ಮುಖವನ್ನು ನೋಡಿದಳು. ಈಗ ಹೇಳುತ್ತಾಳೆ ಎಂದುಕೊಂಡೆ.

ಅವಳು ನೆಟ್ಟಗೆ ನನ್ನ ಹತ್ತಿರ ಬಂದು, ಅಪ್ಪನಿಗೆ ಬೆನ್ನು ಹಾಕಿ ನಿಂತು, ಸೀಮೆಎಣ್ಣೆಯ ಚಿಂದಿಯಿಂದ ನನ್ನ ಕೆನ್ನೆಯನ್ನು ಉಜ್ಜಿದಳು. ಉರಿಯುವಷ್ಟು ಉಜ್ಜಿದಳು.

“ಎಲ್ಲಿ ಹೊರಳಾಡಿ ಬಂದದ್ದು, ಮುಖವೆಲ್ಲ ಧೂಳು,” ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, “ನಾನೇ ನೋಡಿದ್ದು ಅಣ್ಣ. ನಂದೇ ತಪ್ಪು.”

ಅವಳ ಕೈಯ ಚಿಂದಿಯಲ್ಲಿ ಕೆಂಪು ಇತ್ತು. ಅಷ್ಟು ಹೊತ್ತೂ ಸೈಕಲ್ ಮೇಲೆ ಆ ಕೆಂಪನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಊರೆಲ್ಲ ಸುತ್ತಿದ್ದೆ. ಬಾಯಿ ತೆರೆಯಲು ಆಗಲೂ ಹೊತ್ತಿತ್ತು. ತೆರೆಯಲಿಲ್ಲ. ಮರುದಿನ ಅವಳು ಬರಲಿಲ್ಲ.

ಕೆಲವು ವರ್ಷಗಳ ಮೇಲೆ, ಮೀಸೆ ಚಿಗುರುವ ವಯಸ್ಸಿನಲ್ಲಿ, ಉಜಿರೆಯ ಬಸ್‌ಸ್ಟ್ಯಾಂಡಿನಲ್ಲಿ ಕಂಡಳು. ಕಂಕುಳಲ್ಲಿ ಬೀಡಿಯ ಕಟ್ಟು, ಮಾತಿನ ನಡುವೆ ಕೆಮ್ಮು. ನಾನು ಮುಖ ತಿರುಗಿಸುವ ಮೊದಲೇ ಗುರುತು ಹಿಡಿದು ನಕ್ಕಳು.

“ಸೈಕಲ್ ಬಿಡ್ಲಿಕ್ಕೆ ಬಂತಾ ಮಗಾ?”

“ಬಂತು,” ಎಂದೆ. ಬಸ್ ಹೊರಟಿತು, ಹತ್ತಿದೆ.

ಅಪ್ಪ ಮತ್ತೆ ಎರಡನೆಯ ಬಣ್ಣ ಮುಟ್ಟಲಿಲ್ಲ. ಅವರ ನಂತರ ನಾನೂ ಚೀಲಗಳನ್ನೇ ಅಚ್ಚು ಹಾಕಿದೆ. ಪ್ಲಾಸ್ಟಿಕ್ ಚೀಲ ಬಂದ ಮೇಲೆ ಅದೂ ನಿಂತು, ಮೇಜು ಬಚ್ಚಲೊಲೆಯ ಕಟ್ಟಿಗೆಯಾಯಿತು. ಒಡೆಯುವಾಗ ಅವಳು ಹೊಡೆದ ಮೊಳೆಗಳು ಅಂಚಿನಲ್ಲೇ ಇದ್ದವು. ಈಗ ಅಂಗಡಿಯಲ್ಲಿ ಮೊಮ್ಮಗಳು ಸೀರೆ ಬಿಡಿಸಿ ನೋಡುವಾಗ ನನ್ನ ಕಣ್ಣು ಎರಡು ಬಣ್ಣ ಹಾದುಹೋಗುವ ಜಾಗ ಹುಡುಕುತ್ತದೆ. ಮೆಷಿನ್ನಿನಲ್ಲಿ ಎಲ್ಲ ಬಣ್ಣವೂ ಒಟ್ಟಿಗೆ ಬೀಳುತ್ತದೆ. ಒಂದು ಒಣಗಲೆಂದು ಇನ್ನೊಂದು ಕಾಯುವುದಿಲ್ಲ. ಆ ಮೂರೆಳೆಯ ಹೆಣಿಗೆ ಮಾತ್ರ ನಾನು ಯಾವ ಸೀರೆಯಲ್ಲೂ ಕಂಡಿಲ್ಲ. ಅದನ್ನು ಬಟ್ಟೆಗೆ ಇಳಿಸುವುದು ಅವಳೊಬ್ಬಳಿಗೇ ಗೊತ್ತಿತ್ತು.

ಕಳೆದ ವರ್ಷ ಅಕ್ಕನ ಮನೆ ಹುಡುಕಿಕೊಂಡು ಕಕ್ಕಿಂಜೆಗೆ ಹೋಗಿದ್ದೆ. ಉಬ್ಬಸದಲ್ಲೇ ಹೋದರು, ತುಂಬಾ ವರ್ಷ ಆಯ್ತು ಎಂದಳು ಆ ಮನೆಯ ಸೊಸೆ.

“ನೀವು ಯಾರಾದದ್ದು?”

“ಗುರುತಿನವ,” ಎಂದೆ. ಅವಳು ಕೊಟ್ಟ ಮಜ್ಜಿಗೆ ಕುಡಿದು, ಅಲ್ಲಿಯೂ ಹೇಳದೆ ಎದ್ದು ಬಂದೆ.

ಆ ಸಂಜೆಯ ನಂತರ ನಮ್ಮ ಮನೆಯಲ್ಲಿ ಯಾರೂ ಅವಳ ಹೆಸರೆತ್ತಲಿಲ್ಲ, ನಾನೂ ಎತ್ತಲಿಲ್ಲ. ಬಾವಿಕಟ್ಟೆಯಿಂದ ಅವಳು ಕೇಳಿದ ಪ್ರಶ್ನೆಗೆ ಇಲ್ಲಿ ಉತ್ತರ ಬರೆದಿಡುತ್ತೇನೆ. ಗೋಡೆಯ ಕಡೆಯೂ ನೋಡಿದ್ದೆ. ಅಲ್ಲಿ ಒಣಗಿರಲಿಲ್ಲ, ಲೋಲಾಕ್ಷಿಯಕ್ಕ.